ಮೂತಿ ಕೆಳಗೆ

ಮಂಜುಗಡ್ಡೆ. ಹೌದು, ಮಂಗಳೂರಿನ ಸೆಖೆಯಲ್ಲೇ.
ಜನವರಿಯ ಬೆಳಿಗ್ಗೆ ಏಳೂವರೆ, ಅಂಗಿ ಆಗಲೇ ಬೆನ್ನಿಗಂಟಿತ್ತು,
ಇಂಜಿನಿನ ಗಂಟಲಲ್ಲಿ, ಪೆಟ್ರೋಲು ಆವಿಯಾಗುವ ಇಕ್ಕಟ್ಟಿನಲ್ಲಿ
ಉಗುರಿನಷ್ಟು ದಪ್ಪ ಮಂಜು ಕೂತಿತ್ತಂತೆ.
ಆಮೇಲೆ ಹೇಳಿದರು. ಬಿಚ್ಚಿ ನೋಡುವಷ್ಟರಲ್ಲಿ ಅದು ನೀರಾಗಿ,
ನೀರೂ ಆರಿ
ಸಾಕ್ಷಿಯೇ ಇಲ್ಲ.

ಕೂಳೂರು ದಾಟಿತ್ತು. ಎಡಕ್ಕೆ ಬಂದರಿನ ಕ್ರೇನುಗಳು,
ಅದರಾಚೆ ರಿಫೈನರಿಯ ಜ್ವಾಲೆ ಕಡಲಿನತ್ತ ವಾಲಿತ್ತು:
ಘಟ್ಟದ ಗಾಳಿ, ಎದುರು.
ಬೆಂಗ್ರೆಯಿಂದ ಅಪ್ಪ ಇದೇ ಗಾಳಿಯನ್ನು ಬೆನ್ನಿಗಿಟ್ಟು
ದೋಣಿ ಹೊರಡಿಸುತ್ತಿದ್ದ.
ಅವನನ್ನು ಕಡಲಿಗೆ ತಳ್ಳಿದ್ದು
ನನ್ನನ್ನು ಮನೆಗೆ ಬಿಡದೆ ಹಿಡಿದಿತ್ತು.

ಮೊದಲು ಒಂದು ಕೆಮ್ಮು.
ಮತ್ತೊಂದು.
ಆಮೇಲೆ ಸದ್ದು ನಿಂತ ಜಾಗದಲ್ಲಿ
ರೆಕ್ಕೆಯ ಮೇಲೆ ಗಾಳಿ ಹರಿಯುವುದು ಕೇಳಿಸಿತು,
ಎರಡು ಸಾವಿರ ತಾಸು ಹಾರಿಯೂ ಕೇಳಿರಲಿಲ್ಲ.
ಪ್ರೊಪೆಲ್ಲರ್ ತಿರುಗುತ್ತಲೇ ಇತ್ತು, ಗಾಳಿಯ ದಾಕ್ಷಿಣ್ಯಕ್ಕೆ,
ಮುಚ್ಚಿದ ಹೆಂಚಿನ ಕಾರ್ಖಾನೆಗೆ ದಿನಾ ಬಂದು ಕೂರುವ
ಗುಮಾಸ್ತನ ಹಾಗೆ.

ಮುಂದೆ ಗುಡ್ಡ. ನೆತ್ತಿ ಕೊಯ್ದು ಹಾಸಿದ ರನ್‌ವೇ.
ಆಗ ಕೈ ಏನು ಮಾಡುತ್ತದೆ ಗೊತ್ತೆ?
ತನ್ನತ್ತ ಎಳೆಯುತ್ತದೆ.
ಬೀಳುವ ಮಗು, ಜಾರುವ ಕೊಡಪಾನ,
ಎಲ್ಲವನ್ನೂ ಎಳೆದುಕೊಂಡೇ ಉಳಿಸಿ ರೂಢಿಯಾದ ಕೈ.
ವಲೇರಿಯನ್ ಮಿನೇಜಸ್ ಸರ್ ಆ ಚಾಳಿ ಬಿಡಿಸಲು
ಬೆರಳಿನ ಮೇಲೆ ಸ್ಕೇಲಿನಿಂದ ಕುಟ್ಟುತ್ತಿದ್ದರು:
"ಎಳೆದರೆ ರನ್‌ವೇ ಹತ್ತಿರ ಬರುದಿಲ್ಲ ಮಾರಾಯ್ತಿ,
ನೆಲ ಬರ್ತದೆ."

ಒತ್ತಿದೆ. ಮೂತಿ ಕೆಳಗೆ. ಅರವತ್ತೈದು ನಾಟ್.
ಕಾರ್ಬ್ಯುರೇಟರಿಗೆ ಬಿಸಿ ಕೊಡುವ ಗುಬುಟು ಎಳೆದೆ,
ಎಳೆಯಬೇಕಾದದ್ದು ಅದೊಂದೇ.
ಟ್ಯಾಂಕು ಬದಲು. ಪಂಪು. ಕೀಲಿ ಎಡಕ್ಕೆ, ಬಲಕ್ಕೆ, ಎರಡೂ.
ಏನಿಲ್ಲ.
ಏಳುನೂರು ಅಡಿ.

ಇದನ್ನು ನೆನಪಿಡು, ಪರೀಕ್ಷೆಗಲ್ಲ:
ಗಾಜಿನಲ್ಲಿ ಮೇಲೇರುತ್ತಾ ಹೋಗುವುದು ನಿನಗೆ ಸಿಗುವುದಿಲ್ಲ.
ಕೆಳಗಿಳಿಯುವುದನ್ನು ನೀನು ದಾಟಿಹೋಗುತ್ತಿ.
ಅಲುಗದೆ ನಿಂತು, ಸುಮ್ಮನೆ ದೊಡ್ಡದಾಗುವುದೇ
ನಿನ್ನ ಜಾಗ.
ರನ್‌ವೇ ಏರುತ್ತಿತ್ತು. ಅದರ ಬಿಳಿ ಪಟ್ಟೆಗಳು, ದೀಪಗಳು,
ಸ್ವಾಗತದ ಸರ್ವ ಸಿದ್ಧತೆಯೊಂದಿಗೆ ಏರುತ್ತಿತ್ತು.
ಅಲುಗದೆ ನಿಂತದ್ದು ಮರವೂರಿನ ಹೊಳೆ ಬದಿ
ಒಂದು ಉದ್ದಿನ ಗದ್ದೆ.

ಮಾತು ಕೊನೆಗೆ. ಮೇಡೇ, ಮೂರು ಸಲ.
ಟವರಿನ ಹುಡುಗ ಹೇಳಿದ, ರನ್‌ವೇ ಖಾಲಿ ಇದೆ,
ಪೂರ್ತಿ ಖಾಲಿ ಇದೆ ಮೇಡಂ.
ಅವನ ದನಿಯಲ್ಲಿ ಅಳುವಿತ್ತು.
"ರನ್‌ವೇ ಬೇಡ" ಅಂದೆ.
ಅಷ್ಟು ಹಗುರವಾದ ಮಾತು ನಾನು ಆಡಿದ್ದೇ ಇಲ್ಲ.

ಪೆಟ್ರೋಲು ಬಂದ್. ಬಾಗಿಲು ಸಡಿಲ, ಜಖಂ ಆದರೆ ಸಿಕ್ಕಿಕೊಳ್ಳಬಾರದು.
ಕರೆಂಟು ತಂತಿ ತಲೆಯ ಮೇಲೆ ಹೋಯಿತು, ಎಣಿಸಬಹುದಾದಷ್ಟು ಮೆಲ್ಲಗೆ.
ಫ್ಲ್ಯಾಪ್ ಪೂರ್ತಿ. ಮಾಸ್ಟರ್ ಸ್ವಿಚ್ ಆಫ್.
ಈಗ, ಈಗ ಮಾತ್ರ, ಎಳಿ.
ಎರಡು ಗದ್ದೆ ಓಡಿತು. ಮೂರನೆಯದರ ಪುಣಿಗೆ
ಮುಂದಿನ ಚಕ್ರ ಮುರಿದು
ಹರಕೆ ತೀರಿಸುವವರಂತೆ ಮೂತಿಯೂರಿ ನಿಂತೆವು.

ಗುಲಾಬಿ ಪೂಜಾರ್ತಿ ಕತ್ತಿ ಹಿಡಿದೇ ಬಂದಳು.
"ಪೆಟ್ಟಾಂಡಾ?"
ಇಲ್ಲವೆಂದು ತಲೆಯಾಡಿಸಿದೆ.
"ನೀರ್ ಬೋಡಾ?"
ಕುಡಿದು ಮುಗಿಸುವವರೆಗೆ ಸುಮ್ಮನಿದ್ದಳು.
ಆಮೇಲೆ ಉದ್ದಿನ ಸಾಲು ನೋಡಿದಳು, ಚಕ್ರದ ಗೆರೆ ನೋಡಿದಳು,
ಗುಡ್ಡದ ಕಡೆ ಗಲ್ಲವೆತ್ತಿ ತೋರಿಸಿ ಕೇಳಿದಳು:
ಅಷ್ಟು ದೊಡ್ಡ ಜಾಗ ಅಲ್ಲೇ ಇತ್ತಲ್ಲ?

ವರದಿಯಲ್ಲಿ ಐವತ್ತಾರು ಸೆಕೆಂಡು ಎಂದಿದೆ.
ನಷ್ಟ: ಒಂದು ಚಕ್ರ, ಒಂದು ಪ್ರೊಪೆಲ್ಲರ್.
ನಾಲ್ಕು ಸೇರು ಉದ್ದು ನಾನೇ ಸೇರಿಸಲು ಹೇಳಿದ್ದು,
ಅದಕ್ಕೆ ಕಾಲಂ ಇಲ್ಲವಂತೆ.